ಬೇಸ್‌ಮೆಂಟಿನ ಎರಡು ಹಡಗು: ಆರನೇ ವಾರ

ಮೊದಲು ಕೆಟ್ಟ ಸುದ್ದಿ. ನಾನು ಮಾಡುತ್ತಿರುವ ಹಡಗಿನ ಮಾದರಿ ‘ಓಹಾಯೊ’ದ ಎಡಬದಿಯ ಹಲಗೆಗಳನ್ನು ಪೂರ್ತಿ ಕಿತ್ತು ಹಾಕಿದೆ. ಬಾಸ್‌ವುಡ್ ಅನ್ನೋ ಮೆದು ಮರದ ಪಟ್ಟಿಗಳನ್ನು ಬಿಸಿನೀರಲ್ಲಿ ನೆನೆಸಿ ಬಗ್ಗಿಸಿದ್ದು ಸರಿಯೇ, ಆದರೆ ಒಣಗುವ ಮೊದಲೇ ಅಂಟು ಹಾಕಿಬಿಟ್ಟೆ. ಮಾರನೇ ದಿನ ನೋಡಿದರೆ ಮರ ಕುಗ್ಗಿ, ಹಲಗೆಗಳ ನಡುವೆ ಉಗುರು ತೂರುವಷ್ಟು ಸಂದಿ. ಆತುರ ನನ್ನದೇ, ಯಾರನ್ನು ಬೈಯಲಿ?

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ಅಮೆರಿಕದ ಮಿಷಿಗನ್ ಪಕ್ಕದ ಹ್ಯೂರನ್ ಸರೋವರದಲ್ಲಿ 1894ರ ಸೆಪ್ಟೆಂಬರ್ 26ರ ರಾತ್ರಿ ಡಿಕ್ಕಿ ಹೊಡೆದು ಮುಳುಗಿದ ಎರಡು ಮರದ ಹಡಗುಗಳ ಮಾದರಿ ಮಾಡುತ್ತಿದ್ದೇನೆ. ಅಳತೆ ನೂರಕ್ಕೆ ಒಂದು. ಸರಕು ಹಡಗು ‘ಓಹಾಯೊ’ 203 ಅಡಿ, ನನ್ನ ಮೇಜಿನ ಮೇಲೆ 62 ಸೆಂಟಿಮೀಟರ್. ‘ಐರನ್‌ಟನ್’ 191 ಅಡಿ, ಅಂದರೆ 58. ಫೋನಲ್ಲಿ ಅಮ್ಮನಿಗೆ ಹೇಳಿದಾಗ, “ಕೆರೇಲಿ ಹಡಗು ಮುಳುಗತ್ತೇನೋ?” ಅಂದರು. ಹ್ಯೂರನ್ ಸುಮಾರು 59,600 ಚದರ ಕಿಲೋಮೀಟರ್ ಅಮ್ಮಾ, ದಡದಲ್ಲಿ ನಿಂತರೆ ಆಚೆ ದಡ ಕಾಣಲ್ಲ ಅಂದೆ. ನಂಬಿದ ಹಾಗೆ ಕಾಣಲಿಲ್ಲ.

‘ಐರನ್‌ಟನ್’ಗೆ ಮೂರು ಹಾಯಿಕಂಬಗಳಿದ್ದರೂ ಅದನ್ನು ಇನ್ನೊಂದು ಹಡಗು ಯಾಕೆ ಎಳೆದುಕೊಂಡು ಹೋಗುತ್ತಿತ್ತು ಅನ್ನೋದು ನನಗೂ ಮೊದಲು ಅರ್ಥವಾಗಿರಲಿಲ್ಲ. ಆ ಕಾಲದಲ್ಲಿ ಅದೇ ವಾಡಿಕೆ. 1869ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ‘ಆರ್. ಜೆ. ಹ್ಯಾಕೆಟ್’ ಅನ್ನೋ ಉಗಿಹಡಗು ಕಟ್ಟಿದರು. ಚುಕ್ಕಾಣಿ ಕೋಣೆ ಮುಂದೆ, ಎಂಜಿನ್ ಹಿಂದೆ, ನಡುವೆ ಪೂರ್ತಿ ಸರಕಿಗೆ ಜಾಗ. ಮುಂದೆ ಹ್ಯೂರನ್ ಮತ್ತು ಅಕ್ಕಪಕ್ಕದ ದೊಡ್ಡ ಸರೋವರಗಳ ಸರಕು ಹಡಗುಗಳು ಹೆಚ್ಚಾಗಿ ಇದೇ ಅಚ್ಚಿನಲ್ಲಿ ಬಂದವು. ಒಂದು ಉಗಿಹಡಗಿನ ಬೆನ್ನಿಗೆ ಒಂದೆರಡು ಹಾಯಿಹಡಗು ಕಟ್ಟಿ ಎಳೆಸಿದರೆ, ಒಂದೇ ಎಂಜಿನ್ ಖರ್ಚಲ್ಲಿ ಎರಡು ಮೂರು ಪಟ್ಟು ಸರಕು. ಲೆಕ್ಕ ಚೆನ್ನಾಗಿದೆ, ಎಂಜಿನ್ ನಿಲ್ಲುವ ತನಕ.

ಆ ರಾತ್ರಿ ಹನ್ನೆರಡೂವರೆಗೆ ನಿಂತೇಬಿಟ್ಟಿತು. ‘ಚಾರ್ಲ್ಸ್ ಜೆ. ಕರ್ಶಾ’ ಅನ್ನೋ ಉಗಿಹಡಗು ‘ಮೂನ್‌ಲೈಟ್’ ಮತ್ತು ‘ಐರನ್‌ಟನ್’ ಎರಡನ್ನೂ ಎಳೆದುಕೊಂಡು ಮಾರ್ಕೆಟ್ (Marquette) ಅನ್ನೋ ಊರಿನ ಬಂದರಿಗೆ ಹೊರಟಿತ್ತು. ಎಂಜಿನ್ ಕೆಟ್ಟಾಗ ದಕ್ಷಿಣದ ಗಾಳಿ ಹಿಂದಿನ ಎರಡೂ ಹಡಗುಗಳನ್ನು ಕರ್ಶಾ ಮೇಲೆಯೇ ತಳ್ಳತೊಡಗಿತು. ‘ಮೂನ್‌ಲೈಟ್’ನವರು ‘ಐರನ್‌ಟನ್’ ಹಗ್ಗ ಕಡಿದರು. ಕತ್ತಲಲ್ಲಿ ಒಂಟಿಯಾದ ಹಡಗು ಹಾಯಿ ಬಿಚ್ಚುವಷ್ಟರಲ್ಲಿ ದಾರಿ ತಪ್ಪಿ, ಎದುರಿಗೆ ಸಾವಿರ ಟನ್ ಧಾನ್ಯ ಹೊತ್ತು ಬರುತ್ತಿದ್ದ ‘ಓಹಾಯೊ’ಗೆ ಗುದ್ದಿತು. ಗುದ್ದಿದ ಜಾಗದಲ್ಲಿ 12 ಅಡಿ ತೂತು. ನನ್ನ ಅಳತೆಯಲ್ಲಿ 3.7 ಸೆಂಟಿಮೀಟರ್. ಅದನ್ನು ಕೊರೆಯಲ್ಲ ಅಂತ ತೀರ್ಮಾನಿಸಿದ್ದೇನೆ. ಎರಡು ಸಲ ಹಲಗೆ ಹಚ್ಚಬೇಕಾದವನಿಗೆ ಅಷ್ಟು ಧೈರ್ಯ ಇಲ್ಲ.

‘ಓಹಾಯೊ’ ಬೇಗ ಮುಳುಗಿತು, ಆದರೆ ಅದರ 16 ಜನರೂ ಬದುಕಿದರು. ‘ಐರನ್‌ಟನ್’ ಸ್ವಲ್ಪ ಹೊತ್ತು ತೇಲಿತು. ಕ್ಯಾಪ್ಟನ್ ಪೀಟರ್ ಗಿರಾರ್ಡ್ ಸೇರಿ ಏಳೂ ಜನ ಚಿಕ್ಕ ದೋಣಿಗೆ ಇಳಿದರು. ಆದರೆ ದೋಣಿಯನ್ನು ಹಡಗಿಗೆ ಕಟ್ಟಿದ್ದ ಹಗ್ಗವನ್ನು ಯಾರೂ ಬಿಚ್ಚಲಿಲ್ಲ. ಹಡಗು ದೋಣಿಯನ್ನೂ ಎಳೆದುಕೊಂಡು ಕೆಳಗಿಳಿಯಿತು. ಐದು ಜನ ಸತ್ತರು. ತೇಲುತ್ತಿದ್ದ ಸಾಮಾನು ಹಿಡಿದುಕೊಂಡು ಇಬ್ಬರು ಉಳಿದರು. ಈ ಕಥೆ ಹೊರಗೆ ಬಂದದ್ದೇ ಅವರ ಬಾಯಿಂದ.

ಆಲ್ಪೀನಾ ಊರಿನ ಥಂಡರ್ ಬೇ ರಾಷ್ಟ್ರೀಯ ಜಲಧಾಮದವರು (ಮುಳುಗಿದ ಹಡಗುಗಳನ್ನು ಕಾಪಾಡುವ ರಕ್ಷಿತ ಪ್ರದೇಶ ಇದು) 2017ರಲ್ಲಿ ಸುಮಾರು 300 ಅಡಿ ಆಳದಲ್ಲಿ ‘ಓಹಾಯೊ’ ಕಂಡುಹಿಡಿದರು. ‘ಐರನ್‌ಟನ್’ ಮಾತ್ರ ಸಿಗಲಿಲ್ಲ. ಆ ರಾತ್ರಿಯ ಗಾಳಿ ಎತ್ತ ಬೀಸಿತ್ತು, ಹಡಗು ಎಷ್ಟು ದೂರ ತೇಲಿರಬಹುದು ಎಂದು ಲೆಕ್ಕ ಹಾಕಿ 2019ರಲ್ಲಿ ಮತ್ತೆ ಹುಡುಕಿದರು. ಟೈಟಾನಿಕ್ ಹಡಗಿನ ಅವಶೇಷ ಹುಡುಕಿದ ರಾಬರ್ಟ್ ಬಲ್ಲಾರ್ಡ್ ಸ್ಥಾಪಿಸಿದ ಸಂಸ್ಥೆಯೂ ಜೊತೆಗಿತ್ತು. ‘ಬೆನ್’ ಅನ್ನೋ ಚಾಲಕನಿಲ್ಲದ ದೋಣಿ ಸೋನಾರ್ (ಶಬ್ದದ ಅಲೆಯಿಂದ ತಳ ನೋಡುವ ಸಾಧನ) ಹಾಕಿ ತಳವನ್ನು ಉತ್ತ ಹಾಗೆ ಹೋಗಿ ಬಂತು. ಸಿಕ್ಕಿತು! ಸುದ್ದಿ ಹೊರಗೆ ಬಿಟ್ಟದ್ದು 2023ರಲ್ಲಿ.

ಹಡಗು ನೆಟ್ಟಗೆ ಕೂತಿದೆ, ಮೂರು ಕಂಬವೂ ನಿಂತಿವೆ. ಸಿಹಿನೀರು, ಕೊರೆಯುವ ಚಳಿ, ಜೊತೆಗೆ ಮರ ತಿನ್ನುವ ಕಡಲ ಹುಳು ಇಲ್ಲಿ ಬದುಕಲ್ಲ. ಮಲ್ಪೆ ಸಮುದ್ರದಲ್ಲಾಗಿದ್ದರೆ ಇಷ್ಟು ಉಳೀತಿತ್ತಾ? ಹಿಂಬದಿಯಲ್ಲಿ ಆ ದೋಣಿ ಇನ್ನೂ ಕಟ್ಟಿಕೊಂಡೇ ಇದೆ.

ಆ ದೋಣಿಯ ಚಿತ್ರ ನೋಡಿದ ಮೇಲೆಯೇ ಪ್ಲಾನ್ ಬದಲಾಯಿಸಿದ್ದು. ‘ಓಹಾಯೊ’ ಡಿಕ್ಕಿಗೆ ಮುಂಚಿನ ಹಾಗೆ ಇರುತ್ತೆ, ‘ಐರನ್‌ಟನ್’ ಈಗ ತಳದಲ್ಲಿರುವ ಹಾಗೆ.

ಈ ವಾರದ ಜಾಸ್ತಿ ಹೊತ್ತು ಹೋದದ್ದು ದೋಣಿಯ ಹಗ್ಗಕ್ಕೆ. ಒಂದಿಂಚು ದಪ್ಪದ ಹಗ್ಗ ನನ್ನ ಅಳತೆಯಲ್ಲಿ ಕಾಲು ಮಿಲಿಮೀಟರ್. ಹೊಲಿಗೆ ದಾರ ಹಾಕಿದೆ, ಎಳೆ ಎದ್ದು ಕಂಬಳಿ ಹುಳು ಥರ ಕಂಡಿತು. ಮೇಣ ಸವರಿ ಎರಡು ಬೆರಳಲ್ಲಿ ಉಜ್ಜಿದ ಮೇಲೆ ಸರಿಹೋಯಿತು. ಚಿಮುಟದಲ್ಲಿ ಗಂಟು ಹಾಕುವಾಗ ನಾಲ್ಕು ಸಲ ಬಿಚ್ಚಿಕೊಂಡಿತು. ಐದನೇ ಸಲ ನಿಂತಿತು. ಮುಂದಿನ ವಾರ ಎಡಬದಿಯ ಹಲಗೆ, ಈ ಸಲ ಪೂರ್ತಿ ಒಣಗಿಸಿ.