ಮಟೆರಾಜಿ, ಮದ್ರಾಸು, ಮೂರು-ಎರಡು

ಶನಿವಾರ, 20 ಡಿಸೆಂಬರ್ 2025

ಡಿಸೆಂಬರ್ ಮುಗಿಯುತ್ತ ಬಂದರೂ ಈ ಸಲ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) ಶುರುವಾಗಿಲ್ಲ. ಹಳೆಯ ಮ್ಯಾಚ್‌ಗಳೇ ಗತಿ. ಇವತ್ತಿಗೆ ಸರಿಯಾಗಿ ಹತ್ತು ವರ್ಷದ ಹಿಂದೆ ಗೋವಾದ ಫತೋರ್ಡಾದಲ್ಲಿ ನಡೆದ ಚೆನ್ನೈಯಿನ್-ಗೋವಾ ಫೈನಲ್ ಹಾಕಿಕೊಂಡು ಕೂತೆ. ಪಕ್ಕದ ಗೆರೆಯಲ್ಲಿ ಕೈಬೀಸುತ್ತ ನಿಂತ ಎತ್ತರದ ಆಸಾಮಿಯೇ ಚೆನ್ನೈಯಿನ್ ಕೋಚ್, ಇಟಲಿಯ ಹಳೆಯ ಡಿಫೆಂಡರ್ ಮಾರ್ಕೊ ಮಟೆರಾಜಿ.

ಅವನ ಹೆಸರೆತ್ತಿದರೆ ಜನಕ್ಕೆ ಫ್ರಾನ್ಸ್‌ನ ಜಿದಾನ್ ತಲೆಯಿಂದ ಅವನ ಎದೆಗೆ ಗುದ್ದಿದ್ದು ಬಿಟ್ಟು ಬೇರೇನೂ ನೆನಪಾಗುವುದಿಲ್ಲ. ಆ 2006ರ ವಿಶ್ವಕಪ್‌ನ ಬರ್ಲಿನ್ ಫೈನಲ್‌ನಲ್ಲಿ ಮಲೂದಾನನ್ನು ಕೆಡವಿ ಫ್ರಾನ್ಸ್‌ಗೆ ಪೆನಾಲ್ಟಿ ಕೊಡಿಸಿದವನೂ ಅವನೇ, 19ನೇ ನಿಮಿಷದಲ್ಲಿ ಪಿರ್ಲೊ ಕಾರ್ನರ್‌ಗೆ ತಲೆಕೊಟ್ಟು ಸಮ ಮಾಡಿದವನೂ ಅವನೇ. ಕೊನೆಗೆ ಶೂಟೌಟ್‌ನಲ್ಲೂ ಒಂದು ಹಾಕಿದ. ಇಷ್ಟೆಲ್ಲ ಮಾಡಿದವನು ಆ ಟೂರ್ನಿಗೆ ಹೋಗಿದ್ದು ಬೆಂಚು ಕಾಯಲು! ಜೆಕ್ ವಿರುದ್ಧ ಅಲೆಸ್ಸಾಂಡ್ರೊ ನೆಸ್ತಾ ಗಾಯಗೊಂಡು ಹೊರಬಂದಾಗ ಒಳಗೆ ಹೋದ, ಹೋದವನೇ ಗೋಲು ಹೊಡೆದ. ನೆಸ್ತಾನ ವಿಶ್ವಕಪ್ ಅಲ್ಲಿಗೆ ಮುಗಿಯಿತು.

ಡಿಫೆಂಡರ್ ಆದರೂ ಗೋಲಿನ ಹಸಿವು ಮೊದಲಿಂದಲೂ ಇತ್ತು. 2000-01ರಲ್ಲಿ ಪೆರೂಜಾ ಪರ ಇಟಲಿಯ ಸೀರಿ ಎ ಲೀಗ್‌ನ ಒಂದೇ ಸೀಸನ್‌ನಲ್ಲಿ 12 ಗೋಲು. ಅದಾದ ಮೇಲೆ ಇಂಟರ್ ಮಿಲಾನ್‌ನಲ್ಲಿ ಹತ್ತು ವರ್ಷ. ಒರಟ, ನಿಜ. ಆದರೆ 2010ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದ ರಾತ್ರಿ, ಕ್ಲಬ್ ಬಿಟ್ಟು ಹೊರಟ ಕೋಚ್ ಮೌರಿನ್ಯೊನನ್ನು ತಬ್ಬಿಕೊಂಡು ಮ್ಯಾಡ್ರಿಡ್ ಸ್ಟೇಡಿಯಂ ಹೊರಗೆ ಅತ್ತವನೂ ಇದೇ ಒರಟ.

2014ರಲ್ಲಿ ಚೆನ್ನೈಯಿನ್ ಎಫ್‌ಸಿಗೆ ಆಟಗಾರನೂ ಕೋಚೂ ಆಗಿ ಬಂದ. ನಿವೃತ್ತನಾಗಿದ್ದ ನೆಸ್ತಾ ಅವನ ಮಾತಿಗೆ ಮತ್ತೆ ಬೂಟು ಕಟ್ಟಿದ. ಯಾರ ಜಾಗ ತನಗೆ ಸಿಕ್ಕಿತ್ತೋ ಅವನನ್ನೇ ಮದ್ರಾಸಿನ ಬಿಸಿಲಿಗೆ ಎಳೆದು ತರುವುದೆಂದರೆ! ನನ್ನ ಪ್ರಕಾರ ಕೋಚ್ ಆಗಿ ಅವನ ಬಂಡವಾಳವೇ ಇದು. ಅವನದು ತಂತ್ರಗಾರಿಕೆಯ ತಲೆಯಲ್ಲ, ಜನ ಕೂಡಿಸುವ ಕೈ. ಆ ವರ್ಷ ಲೀಗ್‌ನಲ್ಲಿ ಮೊದಲ ಸ್ಥಾನ, ಸೆಮಿಯಲ್ಲಿ ಕೇರಳದ ಎದುರು ಸೋಲು.

2015ರಲ್ಲಿ ಒಂದು ಹಂತಕ್ಕೆ ತಂಡ ಕಟ್ಟಕಡೆಗಿತ್ತು. ಅಲ್ಲಿಂದ ಎದ್ದು ಬಂತು. ಚೆನ್ನೈ ನೆರೆಯಲ್ಲಿ ಮುಳುಗಿದ್ದರಿಂದ ತವರಿನ ಸೆಮಿಯನ್ನೂ ಪುಣೆಯಲ್ಲೇ ಆಡಬೇಕಾಯಿತು. ಅಲ್ಲಿ ಕೋಲ್ಕತ್ತದ ಮೇಲೆ 3-0 ಗೆಲುವು. ಆಮೇಲೆ ಇವತ್ತು ನೋಡಿದ ಈ ಫೈನಲ್: 87ನೇ ನಿಮಿಷದಲ್ಲಿ ಜೋಫ್ರೆಯ ಫ್ರೀಕಿಕ್‌ನಿಂದ ಗೋವಾ 2-1 ಮುಂದೆ. ಅಷ್ಟರಲ್ಲಿ ಗೋವಾ ಗೋಲ್‌ಕೀಪರ್ ಕಟ್ಟಿಮನಿಯಿಂದ ಸ್ವಂತ ಗೋಲು. (ಹೆಸರು ಕೇಳಿದರೆ ನಮ್ಮವನೇ ಅನ್ನಿಸಿ ಹೊಟ್ಟೆ ಚುರುಕ್ಕೆನ್ನುತ್ತದೆ. ಪಾಪ, ಚೆನ್ನೈಯಿನ್‌ನ ಮೆಂಡೋಜಾನ ಪೆನಾಲ್ಟಿ ತಡೆದವನೂ ಅವನೇ.) ಇಂಜುರಿ ಟೈಮ್‌ನಲ್ಲಿ ಮೆಂಡೋಜಾ ಗೆಲುವಿನ ಗೋಲು ಹೊಡೆದ. 3-2.

2016ರಲ್ಲಿ ಏಳನೇ ಸ್ಥಾನ, ಮರುವರ್ಷ ಮಾರ್ಚ್‌ನಲ್ಲಿ ಹೊರಟ. ಸ್ನೇಹದ ಬಲದಿಂದ ಕಟ್ಟಿದ ತಂಡ ಅಷ್ಟು ದಿನ ಬಾಳಿದ್ದೇ ಹೆಚ್ಚು.

ನಮಗಂತೂ ಅವನ ಬಿಸಿ ಆಮೇಲೂ ತಟ್ಟಿತು. 2018ರ ಮಾರ್ಚ್ 17, ಕಂಠೀರವ ಸ್ಟೇಡಿಯಂ, ಐಎಸ್‌ಎಲ್ ಫೈನಲ್, ನಮ್ಮ ಬಿಎಫ್‌ಸಿ (ಬೆಂಗಳೂರು ಎಫ್‌ಸಿ) ಎದುರು ಅದೇ ಚೆನ್ನೈ. ಆಗ ಅವರ ಕೋಚ್ ಜಾನ್ ಗ್ರೆಗರಿ. ಛೆಟ್ರಿ ಒಂಬತ್ತನೇ ನಿಮಿಷಕ್ಕೇ ಹೊಡೆದಾಗ ಕಪ್ ನಮ್ಮದೇ ಅಂದುಕೊಂಡಿದ್ದೆವು. ಚೆನ್ನೈನ ಮೈಲ್ಸನ್ ಆಲ್ವಿಸ್ ಎರಡು ಕಾರ್ನರ್‌ಗೆ ಎರಡು ಸಲ ತಲೆಕೊಟ್ಟು ಗೋಲು ಹೊಡೆದ. ಅವನೂ ಡಿಫೆಂಡರೇ, 2015ರಲ್ಲಿ ಮಟೆರಾಜಿಯ ತಂಡದಲ್ಲಿದ್ದವನು. ಅಲ್ಲೂ 3-2. ಆ ಮ್ಯಾಚನ್ನು ಮಾತ್ರ ನಾನು ಮತ್ತೆ ಹಾಕುವುದಿಲ್ಲ.