ಆಸ್ಟ್ರೋಸ್ಯಾಟ್‌ಗೆ ಕಬ್ಬಿಣ, ನನಗೆ ಪೊಟ್ಯಾಷ್

ನಾನೇ ಕಟ್ಟಿದ ಗಾಮಾ ಕಿರಣದ ಡಿಟೆಕ್ಟರಿನಲ್ಲಿ ಅಂತೂ ಗೆರೆ ನಿಂತಿತು. ಗೆರೆ ಅಂದರೆ ಒಂದೇ ಶಕ್ತಿಯ ಕಿರಣಗಳು ಗ್ರಾಫಿನಲ್ಲಿ ಒಂದೇ ಕಡೆ ಗುಂಪಾಗಿ ಎಬ್ಬಿಸುವ ಶಿಖರ. ಮೂರು ವಾರ ಕಾಡಿಸಿ ನಿಂತಿತು.

ಬೆಸುಗೆ, ಕಪ್ಪು ಟೇಪು, ಸೀಸದ ಗೂಡಿನ ಕಥೆ ಬಿಡಿ, ಎಲ್ಲರೂ ಪಟ್ಟ ಪಾಡೇ. ಗಾಮಾ ಕಿರಣ ಬಿದ್ದರೆ ಮಿನುಗುವ ಸೀಸಿಯಂ ಅಯೊಡೈಡ್ ಹರಳು, ಅದರ ಬೆನ್ನಿಗೆ ಆ ಮಿನುಗನ್ನು ವಿದ್ಯುತ್ತಾಗಿಸುವ ಚಿಪ್ಪು, ಸಿಲಿಕಾನ್ ಫೋಟೊಮಲ್ಟಿಪ್ಲೈಯರ್. ಮೊದಲು ಬಂದ ಹರಳಿನ ಮೂಲೆ ಒಡೆದಿತ್ತು. ಫೋಟೊ ಕಳಿಸಿದರೆ ಮಾರಿದವರು "ಅದು ಲೈಟಿನ ಹೊಳಪು ಸರ್" ಅಂದರು. ಎರಡನೆಯದಕ್ಕೆ 40 ದಿನ ಕಾದೆ.

ತೊಂದರೆ ಇದು. ವಿಕಿರಣಶೀಲ ಪೊಟ್ಯಾಷಿಯಂ-40ರ 1460 ಕೆಇವಿ (ಕಿರಣದ ಶಕ್ತಿಯ ಅಳತೆ) ಗೆರೆ ಬೆಳಗಿನ ಜಾವ ಗ್ರಾಫಿನ 812ನೇ ಮನೆಯಲ್ಲಿ, ಅಂದರೆ ಚಾನಲ್‌ನಲ್ಲಿ, ಮಧ್ಯಾಹ್ನ 3ಕ್ಕೆ 731ರಲ್ಲಿ. ಕಲಬುರಗಿಯ ಮೇ ತಿಂಗಳು ಅಲ್ವಾ, ಕೋಣೆಯೊಳಗೇ 38 ಡಿಗ್ರಿ. ಬಿಸಿ ಒಂದು ಡಿಗ್ರಿ ಏರಿದರೆ ಈ ಚಿಪ್ಪಿನ ಬ್ರೇಕ್‌ಡೌನ್ ವೋಲ್ಟೇಜ್ (ಅದು ಕೆಲಸ ಶುರುಮಾಡುವ ವೋಲ್ಟೇಜ್) ಸುಮಾರು 21 ಮಿಲಿವೋಲ್ಟ್ ಏರುತ್ತದೆ. ನಾವು ಕೊಡುವ ವೋಲ್ಟೇಜ್ ಅಷ್ಟೇ ಇದ್ದರೆ ಗೇನ್, ಅಂದರೆ ಸಂಕೇತ ಹಿಗ್ಗುವ ಪ್ರಮಾಣ, ಇಳಿಯುತ್ತದೆ. ಇಡೀ ದಿನದ ಲೆಕ್ಕ ಕೂಡಿಸಿದರೆ ಗೆರೆ ಹೋಗಿ ಎರಡು ಡುಬ್ಬದ ಒಂಟೆ ಕೂತಿರುತ್ತಿತ್ತು.

ಬಿಸಿ ಅಳೆಯುವ ಥರ್ಮಿಸ್ಟರ್ ಹಾಕಿ ವೋಲ್ಟೇಜ್ ತಿದ್ದಿದೆ. ಆದರೆ ಅಂಟಿಸಿದ್ದು ಡಬ್ಬಿಗೆ, ಚಿಪ್ಪಿಗಲ್ಲ. ಫ್ಯಾನ್ ಹಾಕಿದರೆ ಡಬ್ಬಿ ತಣ್ಣಗೆ, ಚಿಪ್ಪು ಬಿಸಿ. ತಿದ್ದುಪಡಿ ಉಲ್ಟಾ ಹೊಡೆಯಿತು. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ಇಟ್ಟೆ. ಹರಳು ಬೆವರಿತು, ನಾನೂ ಬೆವರಿದೆ.

ಆಗ ನೆನಪಾಗಿದ್ದು ಇಸ್ರೋದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್. 2015ರ ಸೆಪ್ಟೆಂಬರ್ 28ರಂದು ಮೇಲೇರಿದ ಅದನ್ನು ಯಾರು ಹೋಗಿ ತಿದ್ದುತ್ತಾರೆ? ಅದರ ಸಾಫ್ಟ್ ಎಕ್ಸ್-ರೇ ಟೆಲಿಸ್ಕೋಪಿನ ಸಿಸಿಡಿಯ (ಕಿರಣ ಹಿಡಿಯುವ ಚಿಪ್ಪು) ನಾಲ್ಕು ಮೂಲೆಗೂ ವಿಕಿರಣಶೀಲ ಕಬ್ಬಿಣ-55 ಇಟ್ಟಿದ್ದಾರೆ. ಆಕಾಶದಲ್ಲಿ ಏನನ್ನೇ ನೋಡುತ್ತಿರಲಿ, ಮೂಲೆಯಲ್ಲಿ 5.9 ಕೆಇವಿ ಗೆರೆ ಬೀಳುತ್ತಲೇ ಇರುತ್ತದೆ. ಗೇನ್ ಸರಿದರೆ ಅದೂ ಸರಿಯುತ್ತದೆ, ಭೂಮಿಯಲ್ಲಿ ಕೂತು ತಿದ್ದಿಕೊಳ್ಳಬಹುದು. ಸರಿಯುವುದನ್ನು ತಡೆಯಲೇಬೇಕೆಂದಿಲ್ಲ, ಎಷ್ಟು ಸರಿಯಿತು ಅಂತ ಗೊತ್ತಾದರೆ ಸಾಕು.

ನನಗೂ ಅಂಥದ್ದೊಂದು ಕಾಯಂ ಗೆರೆ ಬೇಕಿತ್ತು. ಗಂಜ್ ಮಾರುಕಟ್ಟೆಯ ಗೊಬ್ಬರದ ಅಂಗಡಿಗೆ ಹೋಗಿ ಒಂದು ಕಿಲೋ ಪೊಟ್ಯಾಷ್, ಅಂದರೆ ಪೊಟ್ಯಾಷಿಯಂ ಇರುವ ಗೊಬ್ಬರ, ಕೇಳಿದೆ. "ಚೀಲಾನೇ ಒಯ್ಯಬೇಕ್ರಿ, 50 ಕಿಲೋದ್ದು. ತೊಗರಿ ಎಷ್ಟ್ ಎಕರೆ ಅದ?" ಎಕರೆ ಇಲ್ಲ, ಡಿಟೆಕ್ಟರ್ ಇದೆ ಅನ್ನಲಾದೀತೇ? ಕುಂಡದ ಗಿಡಕ್ಕೆ ಅಂದೆ. ಒಡೆದ ಚೀಲದಿಂದ ಕೆಂಪು ಹರಳುಪ್ಪಿನಂಥದ್ದನ್ನು ಪೇಪರಿನಲ್ಲಿ ಕಟ್ಟಿ ಕೊಟ್ಟರು.

ಆ ಪೊಟ್ಟಣ ಈಗ ಹರಳಿನ ಪಕ್ಕದಲ್ಲೇ ಕಾಯಂ. ದಿನದ ದಾಖಲೆಯನ್ನು ಹತ್ತು ಹತ್ತು ನಿಮಿಷಕ್ಕೆ ಕತ್ತರಿಸಿ, ಒಂದೊಂದು ತುಂಡಿನಲ್ಲೂ 1460 ಎಲ್ಲಿದೆ ನೋಡಿ, ಅಷ್ಟು ಎಳೆದು ಕೂಡಿಸಿದೆ. ಒಂಟೆ ಮಾಯ. ಕೆಳಗಡೆ, ಸೀಸದ ಗೂಡಿನದೇ 75 ಕೆಇವಿ ಎಕ್ಸ್-ರೇ ಕೂಡ ತನ್ನ ಜಾಗಕ್ಕೆ ಬಂತು. ಇನ್ನೊಂದು ಮಜಾ: ಕಬ್ಬಿಣ-55 ಸುಮಾರು 2.7 ವರ್ಷಕ್ಕೆ ಅರ್ಧವಾಗುತ್ತದೆ, ಹತ್ತು ವರ್ಷಕ್ಕೆ ಹನ್ನೆರಡರಲ್ಲೊಂದು ಪಾಲು ಉಳಿದರೆ ಹೆಚ್ಚು. ನನ್ನ ಪೊಟ್ಟಣದ ಪೊಟ್ಯಾಷಿಯಂ-40 ಅರ್ಧವಾಗಲು 125 ಕೋಟಿ ವರ್ಷ ಬೇಕು. ಪೇಪರ್ ಮಾತ್ರ ಈಗಲೇ ಹರಿದಿದೆ.

ಮುಂದೆ ಶಹಾಬಾದ್ ಕಲ್ಲನ್ನೂ ಯಾದಗಿರಿಯ ಗ್ರಾನೈಟನ್ನೂ ಅಕ್ಕಪಕ್ಕ ಇಟ್ಟು ಅಳೆಯಬೇಕು ಅಂತಿದ್ದೆ. ಗ್ರಾನೈಟ್ ತುಂಡು ತಂದು ಇಟ್ಟ ಮೇಲೆ ಹೊಳೆಯಿತು: ಅದರಲ್ಲಿ ನಾನು ಹುಡುಕಬೇಕಾದ್ದೂ ಪೊಟ್ಯಾಷಿಯಮ್ಮೇ! ಗೆರೆ ಕಲ್ಲಿನದೋ ಪೊಟ್ಟಣದ್ದೋ, ಹೇಳುವುದು ಹೇಗೆ? ಆಸ್ಟ್ರೋಸ್ಯಾಟ್‌ನ ಇನ್ನೊಂದು ಎಕ್ಸ್-ರೇ ಉಪಕರಣ ಸಿಝಡ್‌ಟಿಐ ಇಲ್ಲೂ ಜಾಣ. ಅದರೊಳಗಿನ ವಿಕಿರಣಶೀಲ ಅಮೆರಿಸಿಯಂ-241 ಹೊರಡಿಸುವ ಆಲ್ಫಾ ಕಣವನ್ನು ಬೇರೆ ಹರಳು ಹಿಡಿಯುತ್ತದೆ, ಜೊತೆಗೇ ಬಂದ 59.5 ಕೆಇವಿ ಫೋಟಾನ್‌ಗೆ "ಇದು ಮನೆಯದು" ಅಂತ ಗುರುತು ಬೀಳುತ್ತದೆ. ಅಮೆರಿಸಿಯಂ ಮನೆಯಲ್ಲಿಡುವ ಪದಾರ್ಥವಲ್ಲ. ಹಾಗಾಗಿ ಪೊಟ್ಟಣದ ಬದಲು ಎಲ್‌ಇಡಿ ಮಿಣುಕಿಸಿ, ಮಿಣುಕಿದ ಹೊತ್ತನ್ನು ಬರೆದಿಟ್ಟುಕೊಳ್ಳುವ ಯೋಚನೆ. ಆದರೆ ಎಲ್‌ಇಡಿಯೂ ಬಿಸಿಗೆ ಮಂಕಾಗುತ್ತದೆ. ಥರ್ಮಿಸ್ಟರನ್ನು ಈ ಸಲ ಡಬ್ಬಿಗೆ ಅಂಟಿಸುವುದಿಲ್ಲ.