ಕಾಕಾ ತಂದ ಅಡುಗೆ, ಅವ್ವನ ಹುಣಸೆಹುಳಿ

ನಮ್ಮ ಕಾಕಾ ಅಮೆರಿಕದ ಕಾನ್ಸಸ್ ಸಿಟಿಯಲ್ಲಿ ಕೆಲಸಕ್ಕಿದ್ದಾಗ ಕಲಿತು ಬಂದ ಬಾರ್ಬೆಕ್ಯೂ ಪಕ್ಕೆಲುಬಿನ ಅಡುಗೆ ಈಗ ಕಲಬುರಗಿಯ ನಮ್ಮ ಮನೆಯದೇ ಆಗಿದೆ. ಅಲ್ಲಿ ಹಂದಿಯ ಪಕ್ಕೆಲುಬನ್ನು ಹಿಕರಿ ಕಟ್ಟಿಗೆಯ ಹೊಗೆಯಲ್ಲಿ ಗಂಟೆಗಟ್ಟಲೆ ಬೇಯಿಸಿ, ಟೊಮೆಟೊ ಮತ್ತು ಕಾಕಂಬಿಯ ದಪ್ಪ ಸಾಸ್ ಸವರುತ್ತಾರೆ. ಹೊರಗೆ ಬೆಂಕಿ ಹೂಡಲಾಗದವರು ಓವನ್ನಿನಲ್ಲಿ ಬೇಯಿಸಿಕೊಳ್ಳುತ್ತಾರೆ. ಕಾಕಾ ಊರಿಗೆ ತಂದದ್ದು ಈ ಓವನ್ನಿನ ವಿಧಾನವನ್ನು. ನಮ್ಮಲ್ಲಿ ಹಂದಿಯ ಬದಲು ಕುರಿ ಬಂತು, ವಿನೆಗರ್ ಬಿಟ್ಟು ಅವ್ವ ಹುಣಸೆಹಣ್ಣು ಹಿಡಿದಳು, ಕಾಕಂಬಿಯ ಜಾಗದಲ್ಲಿ ಬೀದರ್ ಕಡೆಯ ಕಪ್ಪು ಬೆಲ್ಲ ನಿಂತಿತು.

ಈ ವರ್ಷ ಶ್ರಾವಣ ಮುಗಿದ ಮೊದಲ ಭಾನುವಾರ ಅದನ್ನು ಮಾಡುವ ಹೊಣೆ ನನ್ನದಾಯಿತು. ಮಾಂಸವನ್ನು ಹಿಂದಿನ ದಿನವೇ ತರಬೇಕು, ಏಕೆಂದರೆ ಖಾರ ಹಚ್ಚಿ ಒಂದು ರಾತ್ರಿ ಫ್ರಿಜ್ಜಿನಲ್ಲಿಡದಿದ್ದರೆ ಉಪ್ಪು ಒಳಗಿಳಿಯುವುದಿಲ್ಲ. ಅಂಗಡಿಯಾತ ಚಾಂಪಿನ, ಅಂದರೆ ಕುರಿಯ ಪಕ್ಕೆಲುಬಿನ, ಇಡೀ ಪಟ್ಟಿಯನ್ನು ಕೈಯಲ್ಲಿ ಹಿಡಿದು, "ಇಷ್ಟುದ್ದ ಬೋಗಾಣಿದಾಗ ಹಿಡಿಸಂಗಿಲ್ಲ ಅಕ್ಕಾ, ಕಡದು ಕೊಡ್ಲೇನು?" ಎಂದು ಕೇಳಿದ. ಬೇಡವೆಂದೆ. ತುಂಡು ಮಾಡಿದರೆ ರಸವೆಲ್ಲ ಕಡಿದ ಬಾಯಿಗಳಿಂದ ಹರಿದುಹೋಗುತ್ತದೆ.

ಪಟ್ಟಿಯ ಒಳಮೈಗೆ ಎಲುಬುಗಳ ಉದ್ದಕ್ಕೂ ತೆಳುವಾದ, ಹೊಳೆಯುವ ಪೊರೆಯೊಂದು ಅಂಟಿಕೊಂಡಿರುತ್ತದೆ. ಎಷ್ಟು ಬೇಯಿಸಿದರೂ ಅದು ಮೆತ್ತಗಾಗುವುದಿಲ್ಲ, ಮಸಾಲೆಯನ್ನೂ ಒಳಗೆ ಬಿಡುವುದಿಲ್ಲ. ಕೊನೆಯ ಎಲುಬಿನ ಅಂಚಿನಲ್ಲಿ ಚಮಚದ ಹಿಡಿಯನ್ನು ತೂರಿಸಿ ಸ್ವಲ್ಪ ಎಬ್ಬಿಸಿ, ಜಾರದಂತೆ ಒಣ ಬಟ್ಟೆಯಿಂದ ಹಿಡಿದು ಎಳೆದೆ. ಅರ್ಧದವರೆಗೆ ಒಂದೇ ಎಳೆತಕ್ಕೆ ಸರ್ರನೆ ಬಂತು, ಉಳಿದದ್ದನ್ನು ಚೂರು ಚೂರಾಗಿ ಕೀಳಬೇಕಾಯಿತು. ಈ ಅಡುಗೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಕೆಲಸವಿದು. ಒಂದು ಕಿಲೊ ಮಾಂಸಕ್ಕೆ ಎರಡು ಚಮಚ ಉಪ್ಪು, ಎರಡು ಚಮಚ ಖಾರದ ಪುಡಿ, ಒಂದೊಂದು ಚಮಚ ಧನಿಯಾ, ಜೀರಿಗೆ ಮತ್ತು ಕಾಳುಮೆಣಸಿನ ಪುಡಿ ಸಾಕು.

ಮರುದಿನ ಬೆಳಿಗ್ಗೆ ಪಟ್ಟಿಯನ್ನು ಫಾಯಿಲ್‌ನಿಂದ ಬಿಗಿಯಾಗಿ ಮುಚ್ಚಿ 150 ಡಿಗ್ರಿಯಲ್ಲಿಟ್ಟೆ. ಬಿರಿಯಾನಿಯ ಮುಚ್ಚಳಕ್ಕೆ ಕಣಕ ಮೆತ್ತಿ ದಮ್ ಕಟ್ಟಿ ಬೆಳೆದ ಅವ್ವನಿಗೆ ಈ ಬಿಗಿಯ ಮಹತ್ವವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಎಲುಬಿನ ಸುತ್ತಲಿನ ಮಾಂಸದಲ್ಲಿ ಕೊಲಾಜನ್ ಎಂಬ ಗಟ್ಟಿ ನಾರಿನಂಥ ಪ್ರೋಟೀನ್ ಹೆಚ್ಚು. ಹಬೆಯ ಬಿಸಿಯಲ್ಲಿ ಅದು ನಿಧಾನವಾಗಿ ಜಿಲಾಟಿನ್ ಎಂಬ ಮೆತ್ತನೆಯ ಅಂಟಾಗಿ ಕರಗಿದಾಗಲೇ ಮಾಂಸ ಮೃದುವಾಗಿಯೂ ಎಲುಬಿಗೆ ಅಂಟಿಕೊಂಡೂ ಇರುತ್ತದೆ. ಕುಕ್ಕರಿನಲ್ಲಿ ಬೇಗ ಬೇಯುತ್ತದೆ ನಿಜ, ಆದರೆ ರುಚಿಯೆಲ್ಲ ನೀರಿಗೆ ಇಳಿದು, ಎಲುಬು ಬೇರೆ ನಾರು ಬೇರೆ ಆಗುವುದನ್ನು ನಾನು ಒಪ್ಪಲಾರೆ.

ಗಂಟೆ ಕಳೆಯುವಷ್ಟರಲ್ಲಿ ಕರೆಂಟು ಹೋಯಿತು. ನಾನು ಓವನ್ನಿನತ್ತ ಕೈ ಚಾಚಿದಾಗ ಕಾಕಾ, "ಬಾಗ್ಲಾ ತೆಗಿಬ್ಯಾಡವ್ವ, ಒಳಗಿನ ಕಾವು ಬೇಯಿಸ್ತದ" ಎಂದು ತಡೆದರು. ಕರೆಂಟು ಬಂದ ಮೇಲೆ ಅರ್ಧ ಗಂಟೆ ಹೆಚ್ಚು ಇಟ್ಟೆವು. ಚಾಕುವಿನ ತುದಿ ಎರಡು ಎಲುಬುಗಳ ನಡುವೆ ತಡೆಯಿಲ್ಲದೆ ಇಳಿದರೆ ಬೆಂದಿದೆ ಎಂದು ಅರ್ಥ.

ಅಷ್ಟರಲ್ಲಿ ಟೊಮೆಟೊ, ಉಳ್ಳಾಗಡ್ಡಿ, ಬಳ್ಳೊಳ್ಳಿ, ಹುಣಸೆಹುಳಿ ಮತ್ತು ಬೆಲ್ಲ ಸೇರಿಸಿ ಅವ್ವ ಕುದಿಸಿದ್ದ ಸಾಸ್ ಚಮಚದಿಂದ ಉದುರದಷ್ಟು ಗಟ್ಟಿಯಾಗಿತ್ತು. ಬೆಲ್ಲ ಬೇಗ ಹೊತ್ತಿ ಕಹಿಯಾಗುವುದರಿಂದ ಇದನ್ನು ಕೊನೆಗೇ ಸವರಬೇಕು. ಫಾಯಿಲ್ ತೆಗೆದು, ಉರಿಯನ್ನು 200ಕ್ಕೆ ಏರಿಸಿ, ಹತ್ತು ನಿಮಿಷಕ್ಕೊಮ್ಮೆ ಎರಡು ಸಲ ಸವರಿದೆ.

ಹೊಗೆಯ ಕೊರತೆಯನ್ನು ನಾವು ಕೆಂಡದಿಂದ ತುಂಬುತ್ತೇವೆ. ದೊಡ್ಡ ಬೋಗಾಣಿಯಲ್ಲಿ ಪಟ್ಟಿಯ ಪಕ್ಕಕ್ಕೆ ಬಟ್ಟಲಿನಲ್ಲಿ ಕೆಂಡವಿಟ್ಟು, ಅದರ ಮೇಲೆ ತುಪ್ಪ ಹನಿಸಿ ಐದು ನಿಮಿಷ ಮುಚ್ಚಿಡುವುದು. ಸಾಸ್ ಹಚ್ಚುವ ಮೊದಲೇ ಹೊಗೆ ಕೊಡಬೇಕೆಂಬುದು ಕಾಕಾನ ವಾದ, ನಂತರವೇ ಎಂಬುದು ಅವ್ವನದು. ಒದ್ದೆಯಾದ ಜಿಗುಟು ಮೈಗೆ ಹೊಗೆ ಚೆನ್ನಾಗಿ ಹತ್ತುವುದರಿಂದ ನಾನು ಅವ್ವನ ಕಡೆ ನಿಂತೆ. ಕಾಕಾ ತಮ್ಮ ಪಾಲನ್ನು ಜೋಳದ ರೊಟ್ಟಿಯ ಜೊತೆ ಮುಗಿಸಿ, ಮುಂದಿನ ಸಲ ಪಟ್ಟಿಯನ್ನು ಎರಡು ಪಾಲು ಮಾಡಿ ಎರಡೂ ರೀತಿ ಮಾಡಿ ನೋಡೋಣ ಎಂದರು.